ಪೇತ್ರನಿಗೆ ಕೇಳಿದ್ದು ಒಂದೇ ಪ್ರಶ್ನೆಯೇ?

ಪ್ರಶ್ನೆ: ಯೋಹಾನ 21:15–17ರಲ್ಲಿ ಯೇಸುಸ್ವಾಮಿ ಪೇತ್ರನನ್ನು ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಮೂರು ಸಲ ಕೇಳುತ್ತಾರೆ. ಗ್ರೀಕ್ ಮೂಲದಲ್ಲಿ ಎರಡು ಕ್ರಿಯಾಪದಗಳಿವೆ, ಒಂದು (ಅಗಪಾಓ) ದೈವಿಕ ಪ್ರೀತಿ, ಇನ್ನೊಂದು (ಫಿಲೇಓ) ಬರೀ ಸ್ನೇಹ ಎಂದು ಪ್ರಸಂಗದಲ್ಲಿ ಕೇಳಿದೆ. ಗ್ರೀಕ್ ಬಾರದವರು ಇದನ್ನು ಪರೀಕ್ಷಿಸುವುದು ಹೇಗೆ?
– ಓದುಗರು, ಕಾರವಾರ

ಉತ್ತರ: ಎರಡು ಕ್ರಿಯಾಪದಗಳಿರುವುದು ನಿಜ. ಯೇಸು ಮೊದಲೆರಡು ಸಲ ‘ಅಗಪಾಸ್ ಮೆ’ ಎಂದು ಕೇಳುತ್ತಾರೆ, ಮೂರನೆಯ ಸಲ ‘ಫಿಲೇಯ್ಸ್ ಮೆ’ ಎಂದು. ಪೇತ್ರ ಮೂರೂ ಸಲ ‘ಫಿಲೋ ಸೆ’ (ನಿನ್ನನ್ನು ಪ್ರೀತಿಸುತ್ತೇನೆ) ಎನ್ನುತ್ತಾನೆ. ಆದರೆ ಒಂದು ಮೇಲು, ಇನ್ನೊಂದು ಕೀಳು ಎಂಬುದಕ್ಕೆ ಇದೇ ಸುವಾರ್ತೆಯಲ್ಲಿ ಆಧಾರವಿಲ್ಲ.

ಸ್ಟೆಪ್ ಬೈಬಲ್ ಎಂಬ ಉಚಿತ ಜಾಲತಾಣದಲ್ಲಿ ಈ ವಚನ ತೆರೆದು ಕ್ರಿಯಾಪದವನ್ನು ಒತ್ತಿದರೆ ಅದರ ಸ್ಟ್ರಾಂಗ್ ಸಂಖ್ಯೆ (ಬೈಬಲಿನ ಪ್ರತಿ ಮೂಲಪದಕ್ಕೂ ಕೊಟ್ಟಿರುವ ಕ್ರಮಸಂಖ್ಯೆ) ಸಿಗುತ್ತದೆ: ಅಗಪಾಓ 25, ಫಿಲೇಓ 5368. ಮೊದಲು ಯೋಹಾನ ಸುವಾರ್ತೆಯೊಳಗೆ ಮಾತ್ರ ಹುಡುಕಿ. ತಂದೆ ಮಗನನ್ನು ಪ್ರೀತಿಸುತ್ತಾನೆ ಎನ್ನಲು 3:35ರಲ್ಲಿ ಅಗಪಾಓ ಇದೆ, 5:20ರಲ್ಲಿ ಫಿಲೇಓ. ಯೇಸುವಿಗೆ ಪ್ರಿಯನಾದ ಶಿಷ್ಯನ ವಿಷಯದಲ್ಲೂ ಹಾಗೆಯೇ: 13:23ರಲ್ಲಿ ಒಂದು, 20:2ರಲ್ಲಿ ಇನ್ನೊಂದು. ಆಮೇಲೆ ಹೊರಗೆ ನೋಡಿ. 2 ತಿಮೊಥೆಯ 4:10ರಲ್ಲಿ ದೇಮ ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದದ್ದಕ್ಕೂ ಅಗಪಾಓ. ಹಳೆ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಮಲತಂಗಿ ತಾಮಾರಳ ಮೇಲೆ ದಾವೀದನ ಮಗ ಅಮ್ನೋನನಿಗಿದ್ದ ಕೆಟ್ಟ ಮೋಹಕ್ಕೂ ಅದೇ ಪದ.

ಪದ ಬದಲಿಸುವುದು ಯೋಹಾನನ ಶೈಲಿ. ಇದೇ ಅಧ್ಯಾಯದಲ್ಲಿ ಮೀನಿಗೆ 6, 8, 11ನೇ ವಚನಗಳಲ್ಲಿ ‘ಇಖ್ಥುಸ್’, 9, 10, 13ರಲ್ಲಿ ‘ಒಪ್ಸಾರಿಯೋನ್’. ಬಲೆಗೆ ಬಿದ್ದದ್ದು ಅದೇ ಮೀನು! ಕಾರವಾರದ ಒಂದೇ ಮನೆಯಲ್ಲಿ ‘ಮೀನು’, ಕೊಂಕಣಿಯ ‘ನುಸ್ತೆ’ ಎರಡೂ ನಡೆಯುವ ಹಾಗೆ.

ಎಲ್ಲಕ್ಕಿಂತ ಬಲವಾದ ಸಾಕ್ಷಿ 17ನೇ ವಚನವೇ. ಅಲ್ಲಿ ‘ತೊ ತ್ರಿತೊನ್’, ಅಂದರೆ ‘ಮೂರನೆಯ ಸಲ’, ಎರಡು ಬಾರಿ ಬರುತ್ತದೆ. ಕ್ರಿಯಾಪದ ಬದಲಾಗಿದ್ದರೂ ಸುವಾರ್ತಿಕನ ಲೆಕ್ಕದಲ್ಲಿ ಅದು ಅದೇ ಪ್ರಶ್ನೆ. ಪೇತ್ರ ದುಃಖಪಟ್ಟದ್ದು ಮೂರನೆಯ ಸಲವೂ ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು. ಹಿಂದೆ ಯೇಸುವನ್ನು ಮೂರು ಸಲ ಅಲ್ಲಗಳೆದವನಿಗೆ ಆ ಎಣಿಕೆ ನೋಯಿಸದೆ ಇರುತ್ತದೆಯೇ? ಅಲ್ಲದೆ ಮೊದಲೆರಡು ಉತ್ತರಗಳು ‘ನಾಯ್, ಕೂರಿಯೆ’, ‘ಹೌದು, ಸ್ವಾಮಿ’ ಎಂದೇ ಶುರುವಾಗುತ್ತವೆ. ಕಡಿಮೆ ಪ್ರೀತಿ ಒಪ್ಪಿಕೊಳ್ಳುವವನು ‘ಹೌದು’ ಎನ್ನುವುದಿಲ್ಲ.

ಪ್ರಶ್ನೆ: ಸ್ಟ್ರಾಂಗ್ ಸಂಖ್ಯೆಯೊಂದನ್ನೇ ನಂಬಿ ಅರ್ಥ ಹೇಳಬಹುದೇ?
– ಓದುಗರು, ಶಿರಸಿ

ಉತ್ತರ: ಸಾಲದು. ಸಂಖ್ಯೆ ತೋರಿಸುವುದು ನಿಘಂಟಿನ ರೂಪವನ್ನಷ್ಟೇ. ಕಾಲ, ವಿಭಕ್ತಿ, ಲಿಂಗ ತಿಳಿಯಲು ಜೊತೆಗಿರುವ ವ್ಯಾಕರಣದ ಸಾಲನ್ನೂ ಓದಬೇಕು. ಮೇಲಿನ 15ನೇ ವಚನದ ‘ಪ್ಲೆಯೋನ್ ತೂತೋನ್’ (ಇವುಗಳಿಗಿಂತ ಅಥವಾ ಇವರಿಗಿಂತ ಹೆಚ್ಚಾಗಿ) ನೋಡಿ. ‘ತೂತೋನ್’ ಷಷ್ಠಿ ಬಹುವಚನ. ಪುಲ್ಲಿಂಗಕ್ಕೂ ನಪುಂಸಕಕ್ಕೂ ರೂಪ ಒಂದೇ. ಉಳಿದ ಶಿಷ್ಯರು ಪ್ರೀತಿಸುವುದಕ್ಕಿಂತ ಎಂದೂ ಆಗಬಹುದು, ದೋಣಿ ಬಲೆಗಳಿಗಿಂತ ಎಂದೂ ಆಗಬಹುದು. ಇತರರೆಲ್ಲ ಬಿಟ್ಟುಹೋದರೂ ತಾನು ಬಿಡೆನೆಂದು ಪೇತ್ರ ಹೇಳಿದ್ದು ಮತ್ತಾಯ 26:33ರಲ್ಲಿದೆ. ಅದನ್ನು ನೆನೆದರೆ ಮೊದಲನೆಯ ಅರ್ಥವೇ ಹೆಚ್ಚು ಹೊಂದುತ್ತದೆ.