ಮಾಡಿದವರೊಬ್ಬರು, ಉಣ್ಣುವವರೊಬ್ಬರು

ಶ್ರೀಮಂತ ದೇಶಗಳ ಸಮಸ್ಯೆಗಳು ನಿಜವಾದವೇ, ಇಲ್ಲ ಅವರೇ ಮೈಮೇಲೆ ಎಳೆದುಕೊಂಡವೇ ಎಂದು ಕೇಳಿದ್ದೀರಿ. ನಾನು ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಇಲ್ಲಿ ಈ ಮಾತು ಎದ್ದರೆ ತೀರ್ಪು ಒಂದೇ: ‘ಹೊಟ್ಟೆ ತುಂಬಿದವರ ಚಿಂತೆ, ಬಿಡಿ.’ ತೊಗರಿ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಮುಂಬೈಗೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಡುವ ಸೀಮೆ ಇದು. ಬ್ರಿಟನ್ 2018ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಮಂತ್ರಿಗೆ ವಹಿಸಿತು ಎಂದರೆ ಇಲ್ಲಿಯವರಿಗೆ ನಗು ಬಾರದೇ ಇರುತ್ತದೆಯೇ?

ಆದರೆ ಅಮೆರಿಕದ ನೋವಿನ ಮಾತ್ರೆಯ ಕಥೆಗೆ ನಗು ಬರುವುದಿಲ್ಲ. ಪರ್ಡ್ಯೂ ಫಾರ್ಮಾ ಎಂಬ ಔಷಧ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರಾಟಕ್ಕೆ ತಂದು, ಇದರಿಂದ ಚಟ ಹತ್ತುವ ಅಪಾಯ ಕಡಿಮೆ ಎಂದು ವೈದ್ಯರನ್ನು ನಂಬಿಸಿತು. ಜನರನ್ನು ದಾರಿ ತಪ್ಪಿಸಿದ್ದಾಗಿ 2007ರಲ್ಲಿ ಆ ಸಮೂಹದ ಕಂಪನಿಯೇ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ವೆಸ್ಟ್ ವರ್ಜೀನಿಯಾದಂಥ ಕಲ್ಲಿದ್ದಲು ಸೀಮೆಯ ಕೂಲಿಕಾರರು ಬೆನ್ನುನೋವಿಗೆ ಬರೆಸಿಕೊಂಡ ಚೀಟಿಯಿಂದಲೇ ಚಟಕ್ಕೆ ಬಿದ್ದಿದ್ದರು. ಮಾತ್ರೆ ಸಿಗುವುದು ಬಿಗಿಯಾದ ಮೇಲೆ ಹಲವರು ಹೆರಾಯಿನ್‌ಗೆ, ಆಮೇಲೆ ಅದಕ್ಕಿಂತಲೂ ತೀವ್ರವಾದ ಫೆಂಟನಿಲ್‌ಗೆ ಇಳಿದರು. 2021ರ ಒಂದೇ ವರ್ಷದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಬರವಲ್ಲ, ಭೂಕಂಪವಲ್ಲ, ಪೂರಾ ಮನುಷ್ಯರೇ ಮಾಡಿದ್ದು. ಹಾಗೆಂದು ‘ಮಾಡಿದ್ದುಣ್ಣೋ ಮಹಾರಾಯ’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಾಡಿದ ಮಹಾರಾಯನೇ ಬೇರೆ, ಉಂಡವನೇ ಬೇರೆ.

ಕ್ಯಾಲಿಫೋರ್ನಿಯಾದ ಮನೆಗಳ ಬಿಕ್ಕಟ್ಟೂ ಇದೇ ಜಾತಿಯದು. ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಎಂಬ ನಿಯಮ ಹಿಡಿದು ದಶಕಗಳ ಕಾಲ ಅಪಾರ್ಟ್‌ಮೆಂಟ್ ಏಳದಂತೆ ನೋಡಿಕೊಂಡವರು ಸ್ವಂತ ಮನೆಯಿದ್ದವರು. ಫುಟ್‌ಪಾತಿನ ಡೇರೆಯಲ್ಲಿ ಮಲಗುವವರು ಅವರಲ್ಲ.

ದಕ್ಷಿಣ ಕೊರಿಯಾದ ವಿಷಯಕ್ಕೆ ಬಂದರೆ ನನ್ನ ವಾದ ಅಷ್ಟು ಸಲೀಸಾಗಿ ಸಾಗುವುದಿಲ್ಲ. 2023ರಲ್ಲಿ ಅಲ್ಲಿನ ಫಲವತ್ತತೆ ದರ ಒಬ್ಬ ಮಹಿಳೆಗೆ 0.72 ಮಗು. ಕಾರಣ ಹಲವಿವೆ, ಮಕ್ಕಳ ಟ್ಯೂಷನ್ ಖರ್ಚು ಅದರಲ್ಲೊಂದು. ಅಲ್ಲಿ ಮಕ್ಕಳನ್ನು ಈ ಓಟಕ್ಕೆ ಇಳಿಸುವವರೂ ತಂದೆತಾಯಿ, ಸುಸ್ತಾಗುವವರೂ ಅವರೇ. ಆದರೂ ಒಬ್ಬ ತಾಯಿ ತನ್ನ ಮಗುವನ್ನು ಟ್ಯೂಷನ್ ಬಿಡಿಸಿದರೆ ಓಟ ನಿಲ್ಲುವುದಿಲ್ಲ, ಆ ಮಗು ಹಿಂದೆ ಬೀಳುತ್ತದೆ ಅಷ್ಟೇ. ಇದನ್ನು ನೋಡಲು ಕೊರಿಯಾದ ರಾಜಧಾನಿ ಸೋಲ್‌ಗೇ ಹೋಗಬೇಕಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕಲಬುರಗಿಯ ಯಾವುದಾದರೂ ನೀಟ್ ಕೋಚಿಂಗ್ ಕೇಂದ್ರದ ಮುಂದೆ ನಿಂತರೆ ಸಾಕು. ಸಾಲ ಮಾಡಿ ಶುಲ್ಕ ಕಟ್ಟುವ ರೈತರೂ ಆ ಸಾಲಿನಲ್ಲಿರುತ್ತಾರೆ. ‘ಇದು ನೀವೇ ತಂದುಕೊಂಡದ್ದಲ್ಲವೇ’ ಎಂದು ಅವರನ್ನು ಕೇಳಿ ನೋಡಿ. ಮಗನನ್ನು ಮತ್ತೆಲ್ಲಿಗೆ ಸೇರಿಸಬೇಕಿತ್ತು ಹೇಳಿ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ.