ಅಪ್ಪನ ಬಿಪಿ ನನಗೂ ಬಂದೇ ಬರುತ್ತಾ?

ಓದುಗರ ಪತ್ರ: ನಮ್ಮ ತಂದೆಗೆ ಬಿಪಿ ಇತ್ತು. ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ನನಗೀಗ 38 ವರ್ಷ, ಹೋದ ತಿಂಗಳು ನೋಡಿಸಿದಾಗ 138/88 ಇತ್ತು. ತಮ್ಮನಿಗೆ 24ಕ್ಕೇ 160 ದಾಟಿದೆ. ರಕ್ತದಲ್ಲೇ ಬಂದಿರುವಾಗ ಉಪ್ಪು ಬಿಟ್ಟು ಏನು ಪ್ರಯೋಜನ? ಜೀನ್ ಟೆಸ್ಟ್ ಮಾಡಿಸಲಾ? ಕಾಫಿ ಬಿಡಬೇಕಾ?
– ಓದುಗರು, ಸಕಲೇಶಪುರ

ಸಂಪಾದಕರ ಉತ್ತರ: ‘ರಕ್ತದಲ್ಲೇ ಬಂದಿದೆ’ ಎಂಬ ನಿಮ್ಮ ಮಾತು ಅರ್ಧ ನಿಜ. ಅವಳಿ ಮಕ್ಕಳನ್ನೂ ಕುಟುಂಬಗಳನ್ನೂ ಗಮನಿಸಿದ ಅಧ್ಯಯನಗಳ ಪ್ರಕಾರ, ಜನರ ನಡುವೆ ಬಿಪಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇಕಡಾ 30ರಿಂದ 50ರಷ್ಟು ವಂಶದಿಂದ ಬರುತ್ತದೆ. ಆದರೆ ಬಿಪಿಯ ಜೀನ್ ಅಂತ ಒಂದೇ ಒಂದು ಇಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ದೊಡ್ಡ ವೈದ್ಯರು ಇದಕ್ಕಾಗಿಯೇ ವರ್ಷಗಟ್ಟಲೆ ಜಗಳವಾಡಿದರು. ಒಂದೇ ಜೀನ್ ಕಾರಣ ಅಂತ ರಾಬರ್ಟ್ ಪ್ಲಾಟ್, ಹಲವು ಸೇರಿ ಮಾಡುವ ಕೆಲಸ ಅಂತ ಜಾರ್ಜ್ ಪಿಕರಿಂಗ್. ಕೊನೆಗೆ ಬಹುಪಾಲು ಗೆದ್ದದ್ದು ಪಿಕರಿಂಗ್. ಬಿಪಿಗೆ ಸಂಬಂಧಿಸಿದ ಜಾಗಗಳು ನಮ್ಮ ಡಿಎನ್ಎಯಲ್ಲಿ ಈಗಾಗಲೇ ಸಾವಿರಕ್ಕೂ ಜಾಸ್ತಿ ಸಿಕ್ಕಿವೆ. ಅವುಗಳಲ್ಲಿ ಹೆಚ್ಚಿನವು ಒಂದೊಂದೂ ಏರಿಸುವುದು ಒಂದು ಪಾಯಿಂಟ್‌ಗಿಂತ ಕಡಿಮೆ. ಅಪ್ಪನಿಂದ ನಿಮಗೆ ಅರ್ಧ ಬಂದಿದೆ, ಅದೂ ಯಾವ ಅರ್ಧ ಅಂತ ಹೇಳಲಾಗದು.

ಈ ಜೀನ್‌ಗಳು ಮಾಡುವುದೇನು? ಕೆಲವು ರಕ್ತನಾಳ ಎಷ್ಟು ಬಿಗಿಯಾಗಬೇಕು ಅನ್ನುವುದನ್ನು ನೋಡಿಕೊಳ್ಳುತ್ತವೆ. ಇನ್ನು ಕೆಲವು ಕಿಡ್ನಿಯಲ್ಲಿ ಕೆಲಸ ಮಾಡುತ್ತವೆ. ಕಿಡ್ನಿ ಸೋಸಿದ ಉಪ್ಪಿನಲ್ಲಿ ನೂರಕ್ಕೆ 99 ಪಾಲು ರಕ್ತಕ್ಕೇ ವಾಪಸ್ ಹೋಗುತ್ತದೆ. ಈ ಲೆಕ್ಕ ಒಂಚೂರು ಅತ್ತಿತ್ತ ಆದರೂ ಉಪ್ಪು ಉಳಿಯುತ್ತದೆ, ಜೊತೆಗೆ ನೀರೂ ಉಳಿಯುತ್ತದೆ, ಒತ್ತಡ ಏರುತ್ತದೆ. ಹಾಗಾಗಿಯೇ ಒಂದೇ ಸಾರು ಉಂಡ ಇಬ್ಬರಲ್ಲಿ ಒಬ್ಬರಿಗೆ ಬಿಪಿ ಏರಬಹುದು, ಇನ್ನೊಬ್ಬರಿಗೆ ಏನೂ ಆಗದಿರಬಹುದು.

ಅಂದರೆ ವಂಶದಲ್ಲಿ ಬಿಪಿ ಇದ್ದವರು ಉಪ್ಪಿನ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಹೆಚ್ಚುಕಮ್ಮಿ ಒಂದು ಟೀ ಚಮಚ. ನಮ್ಮ ಕಡೆ ಮಿಡಿ ಉಪ್ಪಿನಕಾಯಿ ಹಾಕುವುದನ್ನು ನೆನಪಿಸಿಕೊಳ್ಳಿ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಮಿಡಿ ಸುಕ್ಕುಗಟ್ಟುವವರೆಗೆ ಬಿಡುತ್ತೇವೆ. ಬಿಟ್ಟ ಉಪ್ಪುನೀರನ್ನೂ ಚೆಲ್ಲುವುದಿಲ್ಲ, ಅದರಲ್ಲೇ ಖಾರ ರುಬ್ಬುತ್ತೇವೆ! ಮೇಲೆ ಹಪ್ಪಳ, ಮಜ್ಜಿಗೆ ಮೆಣಸು, ಮಳೆಗಾಲಕ್ಕೆ ಒಣಮೀನು. ಸಾರಿಗೆ ಉಪ್ಪು ಕಮ್ಮಿ ಮಾಡಿ ಎಲೆಯ ತುದಿಗೆ ಇವನ್ನೆಲ್ಲ ಬಡಿಸಿಕೊಂಡರೆ ಏನು ಬಂತು?

ಜನರ ಆರೋಗ್ಯದ ಮತ್ತು ಜೀನ್‌ಗಳ ಮಾಹಿತಿ ಕೂಡಿಟ್ಟಿರುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ವಿವರ ನೋಡಿದ 2018ರ ಅಧ್ಯಯನವೊಂದಿದೆ. ವಂಶದ ಅಪಾಯ ಕಮ್ಮಿ ಇರಲಿ, ಜಾಸ್ತಿ ಇರಲಿ, ಒಳ್ಳೆಯ ಜೀವನಕ್ರಮ ಇದ್ದವರ ಬಿಪಿ ಎಲ್ಲ ಗುಂಪುಗಳಲ್ಲೂ ಕಮ್ಮಿಯೇ ಇತ್ತು.

ಜೀನ್ ಟೆಸ್ಟ್ ನಿಮಗೆ ಬೇಡ. ಅಪ್ಪ, ದೊಡ್ಡಪ್ಪನ ಕತೆಯೇ ಸಾಕಷ್ಟು ಹೇಳುತ್ತಿದೆ. ಆ ದುಡ್ಡಿಗೆ ತೋಳಿಗೆ ಕಟ್ಟುವ ಬಿಪಿ ಮಷಿನ್ ತಂದಿಟ್ಟುಕೊಳ್ಳಿ. ಒಂದೇ ಸಲದ 138/88 ನೋಡಿ ತೀರ್ಮಾನಕ್ಕೆ ಬರಬೇಡಿ, ಕೆಲವು ದಿನ ಬೆಳಿಗ್ಗೆ ಸಂಜೆ ನೋಡಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಕಾಫಿ? ಕೆಫೀನ್ ಎಷ್ಟು ಬೇಗ ಕರಗಬೇಕು ಅನ್ನುವುದರಲ್ಲೂ ಜೀನ್‌ನ ಕೈವಾಡ ಇದೆ. ಕುಡಿದ ಮೇಲೆ ಸ್ವಲ್ಪ ಹೊತ್ತು ಬಿಪಿ ಏರಬಹುದು, ಆದ್ದರಿಂದ ಅಳೆಯುವ ಮುಂಚೆ ಅರ್ಧ ಗಂಟೆ ಕುಡಿಯಬೇಡಿ. ಸಕಲೇಶಪುರದವರಿಗೆ ಪೂರ್ತಿ ಬಿಡಿ ಅಂತ ನಾನಂತೂ ಹೇಳಲಾರೆ.

ನನಗೆ ಚಿಂತೆ ನಿಮ್ಮ ತಮ್ಮನದು. 24ಕ್ಕೆ 160 ಅಂದರೆ ಸುಮ್ನೆ ಬಿಡುವ ವಿಷಯವಲ್ಲ. ಅಪರೂಪಕ್ಕೆ ಒಂದೇ ಜೀನ್ ಕೆಟ್ಟು ಬಿಪಿ ಬರುವುದೂ ಉಂಟು, ಪ್ಲಾಟ್ ಪೂರ್ತಿ ಸೋತಿಲ್ಲ. 1963ರಲ್ಲಿ ಅಮೆರಿಕದ ಗ್ರಾಂಟ್ ಲಿಡಲ್ ಅಂಥ ಒಂದು ಕುಟುಂಬವನ್ನು ವಿವರಿಸಿದರು. ಆ ಮನೆಯ ಹುಡುಗಿಗೆ ಮುಂದೆ ಬೇರೆಯವರ ಕಿಡ್ನಿ ಹಾಕಿದ ಮೇಲೆ ಆ ತೊಂದರೆಯೇ ಹೋಯಿತು. ದೋಷ ಇದ್ದದ್ದು ಉಪ್ಪು ಎಳೆದುಕೊಳ್ಳುವ ಕಿಡ್ನಿಯ ಬಾಗಿಲಲ್ಲಿ. ಇಂಥವರಲ್ಲಿ ಸಾಮಾನ್ಯವಾಗಿ ರಕ್ತದ ಪೊಟ್ಯಾಸಿಯಂ ಕಮ್ಮಿ ಇರುತ್ತದೆ, ಔಷಧಿಯೂ ಬೇರೆಯೇ. ಕಿಡ್ನಿ ತೊಂದರೆಯೂ ಕಾರಣವಾಗಿರಬಹುದು. ತಮ್ಮನನ್ನು ಈ ವಾರವೇ ಹಾಸನದಲ್ಲಿ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋಗಿ, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ ಮಾಡಿಸಬೇಕಾ ಅಂತ ನೀವೇ ಕೇಳಿ.