ಕಾರಲ್ಲಿ ಪೋರ್ಟಬಲ್ ಮೈಕ್ರೋವೇವ್ ಒಯ್ದರೆ ದಾರಿಯಲ್ಲಿ ಬಿಸಿ ಊಟ ಮಾಡಬಹುದಾ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿಂದ ಗೋವಾಕ್ಕೆ ಮನೆಮಂದಿಯೆಲ್ಲ ಕಾರಲ್ಲಿ ಹೊರಟಿದ್ದೀರಿ, ಜೊತೆಗೆ ವಯಸ್ಸಾದವರಿದ್ದಾರೆ, ಮನೆ ಊಟವನ್ನೇ ದಾರಿಯಲ್ಲಿ ಬಿಸಿ ಮಾಡಿ ಬಡಿಸಬೇಕು, ಅದಕ್ಕೆ ಪೋರ್ಟಬಲ್ ಮೈಕ್ರೋವೇವ್ ಕೊಳ್ಳಲಾ ಅಂತ.

ಬೇಡ. ಇದೇ ಆಸೆಗೆ ಬಿದ್ದು ಫ್ಯೂಸ್ ಸುಟ್ಟುಕೊಂಡವನು ಹೇಳುತ್ತಿದ್ದೇನೆ.

ನಮ್ಮಪ್ಪನಿಗೆ ಬಿಪಿ. ಉಪ್ಪು ಕಡಿಮೆ ಇರಬೇಕು, ಹಾಗಾಗಿ ಹೆದ್ದಾರಿ ಹೋಟೆಲ್ಲಿನ ಸಾಂಬಾರ್ ಆಗುವುದಿಲ್ಲ. ತಣ್ಣಗಾದ ಅನ್ನವೂ ಗಂಟಲಲ್ಲಿ ಇಳಿಯುವುದಿಲ್ಲ. ವರ್ಷಕ್ಕೆ ಮೂರ್ನಾಲ್ಕು ಸಲ ಹುಬ್ಬಳ್ಳಿಗೆ ಹೋಗುತ್ತೇವೆ, 400 ಕಿ.ಮೀ. ಮೇಲೆ. ಮನೆಯಲ್ಲಿ 300 ವ್ಯಾಟಿನ ಎಲೆಕ್ಟ್ರಿಕ್ ಲಂಚ್ ಬಾಕ್ಸ್ ಇತ್ತು. ಒಂದು ಸಣ್ಣ ಇನ್ವರ್ಟರ್ ತಂದು ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕಿ, ಬಾಕ್ಸನ್ನು ಅದಕ್ಕೆ ಜೋಡಿಸಿದೆ. ಹಿರಿಯೂರು ಬರುವ ಮೊದಲೇ ಎಲ್ಲ ಆರಿಹೋಯಿತು. ಹೊಗೆ ಇಲ್ಲ, ಸದ್ದಿಲ್ಲ, ಸುಮ್ನೆ ನಿಂತುಬಿಟ್ಟಿತು. ಜೊತೆಗೆ ಮೊಬೈಲ್ ಚಾರ್ಜಿಂಗೂ ಹೋಯಿತು. ಚಿತ್ರದುರ್ಗದ ಹತ್ತಿರ ಒಂದು ಗ್ಯಾರೇಜಲ್ಲಿ ಹುಡುಗ ಫ್ಯೂಸ್ ಬದಲಾಯಿಸಿ, 'ಸರ್, ಇದು ಚಾರ್ಜ್ ಮಾಡೋಕೆ, ಒಲೆ ಹಚ್ಚೋಕಲ್ಲ' ಅಂದ. ಅಪ್ಪ ಅವತ್ತು ಬಾಳೆಹಣ್ಣು ತಿಂದರು. ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10, 15 ಅಥವಾ 20 ಆಂಪ್ ಇರುತ್ತದೆ. ನನ್ನದು 15. ಅಂದರೆ 12 ವೋಲ್ಟಿಗೆ 180 ವ್ಯಾಟ್, ಅಷ್ಟೇ. ನನ್ನ ಬಾಕ್ಸ್ ಎಳೆಯುತ್ತಿದ್ದುದು 25 ಆಂಪ್. ಇನ್ನು ಮೈಕ್ರೋವೇವ್ ವಿಷಯ ನೋಡಿ. 700 ವ್ಯಾಟ್ ಅಂತ ಬರೆದಿರುವುದು ಊಟಕ್ಕೆ ತಲುಪುವ ಶಕ್ತಿ. ಗೋಡೆಯ ಪ್ಲಗ್ಗಿನಿಂದ ಅದು ಎಳೆಯುವುದು 1,100 ವ್ಯಾಟ್ ಆಸುಪಾಸು. ಕಾರಿನ ಬ್ಯಾಟರಿಯಿಂದ ಅಷ್ಟು ತೆಗೆಯಬೇಕಾದರೆ 90 ಆಂಪಿಗಿಂತ ಹೆಚ್ಚು ಹರಿಯಬೇಕು. ಸಾಕೆಟ್ಟಿನ ವೈರು ಅದನ್ನು ತಾಳುವುದಿಲ್ಲ.

ಮಜಾ ಏನು ಗೊತ್ತಾ? ಒಟ್ಟು ಬೇಕಾಗುವ ಶಕ್ತಿ ತೀರಾ ಕಡಿಮೆ. 400 ಗ್ರಾಂ ಅನ್ನ-ಸಾರನ್ನು 25 ಡಿಗ್ರಿಯಿಂದ 70ಕ್ಕೆ ಏರಿಸಲು ಸುಮಾರು 20 ವ್ಯಾಟ್-ಅವರ್, ಅಂದರೆ 20 ವ್ಯಾಟಿನ ಬಲ್ಬ್ ಒಂದು ಗಂಟೆ ಉರಿಯುವಷ್ಟು, ಸಾಕು. ನಿಮ್ಮ ಜೇಬಿನ 20,000 ಎಂಎಎಚ್ ಪವರ್ ಬ್ಯಾಂಕಲ್ಲಿ 74 ಇರುತ್ತದೆ! ಟ್ಯಾಂಕಲ್ಲಿ ನೀರು ಬೇಕಾದಷ್ಟಿದೆ, ನಲ್ಲಿ ಸಣ್ಣದು. ಮೈಕ್ರೋವೇವಿಗೆ ಎಲ್ಲ ನೀರೂ ಎರಡು-ಮೂರು ನಿಮಿಷದಲ್ಲೇ ಬೇಕು. ದೊಡ್ಡ ಪವರ್ ಸ್ಟೇಷನ್, ಅಂದರೆ ಪೆಟ್ಟಿಗೆಯಂಥ ಭಾರೀ ಬ್ಯಾಟರಿ, ಇಟ್ಟುಕೊಂಡ ಕ್ಯಾಂಪರ್ ವ್ಯಾನಿನವರು ಮಾಡುತ್ತಾರೆ, ನಿಜ. ಆದರೆ ಡಿಕ್ಕಿಯಲ್ಲಿ ಹತ್ತು ಕೆ.ಜಿ.ಯ ಓವನ್, ಅದಕ್ಕಿಂತ ಭಾರದ ಬ್ಯಾಟರಿ, ಮತ್ತೆ ನಿಮ್ಮ ಲಗೇಜ್ ಎಲ್ಲಿ ಇಡುತ್ತೀರಿ? ಅಷ್ಟೆಲ್ಲ ಮಾಡಿದರೂ ಅಮ್ಮನ ಸ್ಟೀಲ್ ಡಬ್ಬಿ ಅದರೊಳಗೆ ಇಡುವಂತಿಲ್ಲ.

ಆನ್‌ಲೈನಲ್ಲಿ 'ಪೋರ್ಟಬಲ್ ಮೈಕ್ರೋವೇವ್, 12 ವೋಲ್ಟ್' ಅಂತ ಒಂದು ಬ್ಯಾಗ್ ಕಾಣುತ್ತದಲ್ಲ, ಅದರಲ್ಲಿ ಮೈಕ್ರೋವೇವ್ ಅನ್ನುವುದೇ ಇರುವುದಿಲ್ಲ. ತಳದಲ್ಲಿ ಒಂದು ಬಿಸಿ ಪ್ಲೇಟ್, ಸುತ್ತ ದಪ್ಪ ಹೊದಿಕೆ. ಇಸ್ತ್ರಿ ಪೆಟ್ಟಿಗೆಯ ಬಡ ತಮ್ಮ ಅನ್ನಿ. ಹೆಸರು ಸುಳ್ಳು, ಆದರೆ ವಸ್ತು ಕೆಲಸಕ್ಕೆ ಬರುತ್ತದೆ. ಈಗ ನಾನು ಬಳಸುವುದು ಅದನ್ನೇ, 45 ವ್ಯಾಟಿನದು.

ಅದನ್ನು ಬಳಸುವ ರೀತಿ ಮಾತ್ರ ಬೇರೆ. ತಣ್ಣಗಾದ ಊಟ ಇಟ್ಟು ಬಿಸಿಯಾಗಲಿ ಅಂತ ಕಾದರೆ ಒಂದು ಗಂಟೆ ಆದರೂ ಉಗುರುಬೆಚ್ಚಗೇ ಇರಬಹುದು. ಅನ್ನ ಹಾಗೆ ಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ಹಾಗಾಗಿ ಮನೆಯಲ್ಲೇ ಹಬೆಯಾಡುವಾಗ ಡಬ್ಬಿಗೆ ತುಂಬಿ, ಕಾರು ಹೊರಟ ಕೂಡಲೇ ಪ್ಲಗ್ ಹಾಕಿ. ಅದರ ಕೆಲಸ ಬಿಸಿ ಆರದಂತೆ ನೋಡಿಕೊಳ್ಳುವುದು. ಡಬ್ಬಿಯ ತಳ ಚಪ್ಪಟೆ ಇರಲಿ, ಅನ್ನ ತೆಳುವಾಗಿ ಹರಡಿ, ಮೇಲೆ ಎರಡು ಚಮಚ ಬಿಸಿನೀರು ಚಿಮುಕಿಸಿ. ಕಾರು ನಿಲ್ಲಿಸಿದಾಗ ಪ್ಲಗ್ ತೆಗೆಯಿರಿ. ಕೆಲವು ಕಾರುಗಳಲ್ಲಿ ಇಂಜಿನ್ ಆಫ್ ಆದರೂ ಸಾಕೆಟ್ಟಿಗೆ ಕರೆಂಟ್ ಇರುತ್ತದೆ, ಬ್ಯಾಟರಿ ಇಳಿದುಹೋಗುತ್ತದೆ.

ಸಾರಿಗೆ ಯಾವ ಯಂತ್ರವೂ ಬೇಡ, ಒಳ್ಳೆ ಸ್ಟೀಲ್ ಫ್ಲಾಸ್ಕ್ ಸಾಕು. ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಡಿ, ಅದನ್ನು ಚೆಲ್ಲಿ, ಕುದಿಯುತ್ತಿರುವ ತಿಳಿಸಾರನ್ನು ಬಾಯಿ ತನಕ ಹೊಯ್ಯಿರಿ. ಬೆಳಿಗ್ಗೆ ಆರಕ್ಕೆ ಹೊರಟ ನಾವು ಹನ್ನೊಂದೂವರೆಗೆ ರಾಣೆಬೆನ್ನೂರಿನ ಹತ್ತಿರ ಲೋಟಕ್ಕೆ ಬಗ್ಗಿಸಿದರೆ ಅಪ್ಪ ಊದಿಕೊಂಡು ಕುಡಿಯುತ್ತಾರೆ. ಕಾಯಿ ರುಬ್ಬಿ ಹಾಕಿದ ಹುಳಿ ಒಯ್ಯಬೇಡಿ, ಬೇಗ ಹಳಸುತ್ತದೆ. ಇನ್ನೊಂದು ಫ್ಲಾಸ್ಕಲ್ಲಿ ಬರೀ ಬಿಸಿನೀರು ಇರಲಿ. ಹುರಿದ ರವೆಯ ಉಪ್ಪಿಟ್ಟು ಮಿಕ್ಸ್ ಕಪ್ಪಿಗೆ ಹಾಕಿ ಮುಚ್ಚಿಟ್ಟರೆ ಒಂದು ಹೊತ್ತು ಕಳೆಯುತ್ತದೆ, ಆದರೆ ಅಂಗಡಿಯ ಪ್ಯಾಕೆಟ್ಟಲ್ಲಿ ಉಪ್ಪು ಜಾಸ್ತಿ, ಬಿಪಿ ಇದ್ದವರಿಗೆ ಮನೆಯಲ್ಲೇ ಮಾಡಿಕೊಳ್ಳಿ.

ಎಲ್ಲವೂ ಬಿಸಿ ಇರಲೇಬೇಕಾ ಅಂತಲೂ ಯೋಚಿಸಿ. ನಮ್ಮ ಕಡೆ ಬುತ್ತಿ ಕಟ್ಟುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಡುತ್ತಿದ್ದುದು ಸುಮ್ಮನೆ ಅಲ್ಲ, ಅವಕ್ಕೆ ಬಿಸಿಯ ಹಂಗಿಲ್ಲ. ಮೊಸರನ್ನಕ್ಕೆ ಅಮ್ಮ ಮೆತ್ತಗಿನ ಅನ್ನಕ್ಕೆ ಹಾಲು ಹಾಕಿ, ಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು ಕಲಸುತ್ತಾರೆ. ತುಮಕೂರು, ಶಿರಾ ದಾಟುತ್ತಾ ದಾಟುತ್ತಾ ಅದು ತಾನಾಗಿ ಹೆಪ್ಪಾಗುತ್ತದೆ, ಊಟದ ಹೊತ್ತಿಗೆ ಹುಳಿ ಇರುವುದಿಲ್ಲ.

ಮುಂದೆ ಯಾವಾಗಲಾದರೂ ರೈಲಲ್ಲಿ ಹೋದರೆ ಆ ಬ್ಯಾಗ್, ಕೆಟಲ್ ಯಾವುದನ್ನೂ ಬೋಗಿಯ ಪ್ಲಗ್ಗಿಗೆ ಹಾಕಬೇಡಿ. ಅದು ಮೊಬೈಲ್, ಲ್ಯಾಪ್‌ಟಾಪಿಗೆ ಮಾತ್ರ. ಗೋವಾದಲ್ಲಿ ರೂಮಿನ ಕೆಟಲ್ ನೀರಿಗಷ್ಟೇ ಇರಲಿ, ಡಬ್ಬಿ ಬಿಸಿ ಮಾಡಿಕೊಡಿ ಅಂತ ಹೋಟೆಲ್ಲಿನ ಅಡುಗೆಮನೆಯವರನ್ನು ಕೇಳಿ ನೋಡಿ. ನನಗೆ ಇದುವರೆಗೆ ಯಾರೂ ಇಲ್ಲ ಅಂದಿಲ್ಲ.

ಬ್ಯಾಗ್ ಕೊಳ್ಳುವ ಮುಂಚೆ ಕಾರಿನ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ಸಾಕೆಟ್ಟಿನ ಆಂಪ್ ನೋಡಿಕೊಳ್ಳಿ. ಬ್ಯಾಗಿನ ವ್ಯಾಟನ್ನು 12ರಿಂದ ಭಾಗಿಸಿ, ಬಂದ ಅಂಕಿ ಅದಕ್ಕಿಂತ ಸಾಕಷ್ಟು ಕಡಿಮೆ ಇರಲಿ. ಅದೇ ಅಳತೆಯ ಎರಡು ಫ್ಯೂಸ್ ಡ್ಯಾಶ್‌ಬೋರ್ಡಲ್ಲಿ ಹಾಕಿಡಿ, ನಾನು ಹಾಕಿಟ್ಟಿದ್ದೇನೆ.